ಒಬ್ಬ ರೋಗಿ, ನಲವತ್ತು ಕಾಯಿಲೆ

ಆ ದಿನದ ಅನಾಹುತಕ್ಕೆಲ್ಲ ಮೂಲ ಕಾರಣ ಬಿಳಿ ಕಾಗದ ಮುಗಿದದ್ದು. ಪ್ರಿಂಟರಿನ ಪಕ್ಕದ ಕಟ್ಟಿನಲ್ಲಿ ಇನ್ನೆರಡು ಹಾಳೆ ಉಳಿದಿದ್ದರೆ ದಫ್ತರಿಯ ಹಣೆಬರಹ ಬೇರೆಯೇ ಆಗುತ್ತಿತ್ತು. ಆದರೆ ಉಳಿದಿರಲಿಲ್ಲ. ಬೇಕಾದ ದಿನ ಬೇಕಾದದ್ದು ಉಳಿಯುವ ಪದ್ಧತಿ ಅವನ ಜಾತಕದಲ್ಲೇ ಇರಲಿಲ್ಲ.

ದಫ್ತರಿ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಳೆಯ ಕಡತಗಳನ್ನಿಡುವ ಒಂದು ಕೋಣೆಯಿದೆ. ಅಲ್ಲಿ ಹದಿನಾಲ್ಕು ವರ್ಷ ಕಡತ ಕಾಯ್ದಿದ್ದರಿಂದ ಅಂಟಿಕೊಂಡ ಹೆಸರು ಅದು. ಆ ಕೋಣೆಗೆ ಕಿಟಕಿಯಿಲ್ಲ. ಒಂದು ಟ್ಯೂಬ್‌ಲೈಟು ಉರಿಯುತ್ತದೆ, ಇನ್ನೊಂದು ಉರಿಯಲೋ ಬೇಡವೋ ಎಂದು ಯೋಚಿಸುತ್ತಿರುತ್ತದೆ. ಹೊರಗೆ ಮಳೆ ಬಂದದ್ದು ಅವನಿಗೆ ತಿಳಿಯುತ್ತಿದ್ದದ್ದು ಸಂಜೆ ಮೆಟ್ಟಿಲು ಹತ್ತಿ ಬಂದು ಒದ್ದೆ ನೆಲ ನೋಡಿದಾಗ. ಧೂಳು ಕುಡಿದು ಕುಡಿದು ಒಂದು ಒಣ ಕೆಮ್ಮು ಅವನ ಎದೆಯಲ್ಲಿ ಬಾಡಿಗೆದಾರನ ಹಾಗೆ ಕೂತುಬಿಟ್ಟಿತ್ತು. ರಾತ್ರಿ ಅವನು ಕೆಮ್ಮಿದರೆ ಪಕ್ಕದ ಮನೆಯವರು ಹೊತ್ತು ಎಷ್ಟಾಯಿತೆಂದು ಹೇಳುತ್ತಿದ್ದರು.

ಮೂರು ತಿಂಗಳ ಹಿಂದೆ ಮೇಲಿನವರಿಗೆ ಏನು ತೋಚಿತೋ, ಅವನನ್ನು ಎರಡನೇ ಮಹಡಿಯ ಔಷಧ ಸಂಶೋಧನಾ ವಿಭಾಗಕ್ಕೆ ಹಾಕಿದರು. ಹೊಸ ಔಷಧವೊಂದು ಅಂಗಡಿಗೆ ಬರುವ ಮೊದಲು ಅದನ್ನು ಒಪ್ಪಿ ಮುಂದೆ ಬಂದ ರೋಗಿಗಳಿಗೆ ಕೊಟ್ಟು, ಅವರಿಗೆ ಏನಾಯಿತು, ಏನಾಗಲಿಲ್ಲ ಎಂದು ಒಂದೂ ಬಿಡದೆ ಬರೆದಿಡುವುದು ಅಲ್ಲಿನ ಕೆಲಸ. ದಫ್ತರಿಗೆ ಸಿಕ್ಕಿದ್ದು ಕಿಟಕಿ ಪಕ್ಕದ ಮೇಜು. ಕಿಟಕಿಯಾಚೆ ಒಂದು ಮರ, ಮರದ ಆಚೆ ಒಂದಿಷ್ಟು ಆಕಾಶ. ಮೊದಲ ವಾರ ಅವನು ಕೆಲಸಕ್ಕಿಂತ ಹೆಚ್ಚಾಗಿ ಬಿಸಿಲನ್ನೇ ನೋಡಿದ. ಎರಡನೇ ತಿಂಗಳಿಗೆ ಕೆಮ್ಮು ಹೇಳದೆ ಕೇಳದೆ ಹೊರಟುಹೋಯಿತು. ಹೆಂಡತಿ ಬೀದಿಯಲ್ಲೆಲ್ಲ "ನಮ್ಮನೆಯವರು ಈಗ ಮೇಲಿದ್ದಾರೆ" ಎಂದು ಹೇಳಿಕೊಂಡು ಬಂದಳು. ಮಾತು ಕೇಳಿದ ಇಬ್ಬರು ಸಂತಾಪ ಸೂಚಿಸಿ ಹೋದದ್ದೂ ಉಂಟು.

ಸುಖಕ್ಕೆ ಒಂದು ಷರತ್ತಿತ್ತು. ವಿಭಾಗದ ಎಂಟೂ ಮಂದಿ ವೈದ್ಯಕೀಯ ಪದಗಳದೂ ಸಂಕ್ಷೇಪಾಕ್ಷರಗಳದೂ ಒಂದು ಪರೀಕ್ಷೆ ಬರೆಯಬೇಕು; ಪಾಸಾಗದವರು ತಮ್ಮ ಹಿಂದಿನ ಜಾಗಕ್ಕೆ ಹೋಗಬೇಕು ಎಂದು ದೊಡ್ಡ ಡಾಕ್ಟರು ಸುತ್ತೋಲೆ ಹೊರಡಿಸಿದ್ದರು. ಉಳಿದ ಏಳು ಮಂದಿಯ ಹಿಂದಿನ ಜಾಗವೂ ಈಗ ಕೂತಿದ್ದ ಕುರ್ಚಿಯೇ ಆದ್ದರಿಂದ ಅವರು ಸುತ್ತೋಲೆಯನ್ನು ಓದಿ, ಮಡಚಿ, ಅಲುಗುವ ಮೇಜಿನ ಕಾಲಿನ ಕೆಳಗಿಟ್ಟರು. ಹಿಂದಿನ ಜಾಗ ಎಂಬ ಮಾತಿಗೆ ಎದೆ ಧಸಕ್ಕೆಂದದ್ದು ದಫ್ತರಿಗೊಬ್ಬನಿಗೇ. ಪರೀಕ್ಷೆ ಇವತ್ತು ಸಂಜೆ ನಾಲ್ಕಕ್ಕೆ.

ಒಟ್ಟು ಇನ್ನೂರು ಪದ. ಹೆಪಾಟೊ ಎಂದರೆ ಲಿವರು, ನೆಫ್ರೊ ಎಂದರೆ ಕಿಡ್ನಿ, ಬಾಲದಲ್ಲಿ ಐಟಿಸ್ ಬಂದರೆ ಅಲ್ಲಿ ಉರಿಯೂತ ಎಂದು ನೂರ ಅರವತ್ತನ್ನು ಹೇಗೋ ತಲೆಗೆ ತುರುಕಿದ್ದ. ಕಾಯಿಲೆಗಳ ಸಂಕ್ಷೇಪಾಕ್ಷರಗಳು ನಲವತ್ತಿದ್ದವು. ಅವು ಮಾತ್ರ ನಿಲ್ಲುತ್ತಿರಲಿಲ್ಲ. ಎಂಐ ಎಂದರೆ ಹೃದಯಾಘಾತ, ಸಿವಿಎ ಎಂದರೆ ಪಾರ್ಶ್ವವಾಯು, ಸಿಕೆಡಿ ಎಂದರೆ ಕಿಡ್ನಿಯ ಹಳೇ ರೋಗ ಎಂದು ರಾತ್ರಿ ಬಾಯಿಪಾಠ ಮಾಡಿ ಮಲಗಿದರೆ ಬೆಳಗ್ಗೆ ಎದ್ದಾಗ ಹೃದಯದ್ದು ಕಿಡ್ನಿಗೆ ಹೋಗಿರುತ್ತಿತ್ತು. ಚೀಟಿ ಬರೆದು ಮನೆಯಲ್ಲೆಲ್ಲ ಅಂಟಿಸಿ ನೋಡಿದ. ಡಬ್ಬಿ ಯಾವುದು, ಕಾಯಿಲೆ ಯಾವುದು ಎಂದು ತಿಳಿಯದೆ ಹೆಂಡತಿ ಎಲ್ಲವನ್ನೂ ಕಿತ್ತೆಸೆದಳು. ಹದಿನೈದು ದಿನ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಬೆಳಗ್ಗೆ ಒಂಬತ್ತಕ್ಕೆ ಅವನು ಮೇಜಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ದೊಡ್ಡ ಸಿಸ್ಟರ್ ಬಂದರು. ವಿಭಾಗದ ಹಿರಿಯ ನರ್ಸು ಅವರು. ಇಪ್ಪತ್ತೈದು ವರ್ಷದ ಅನುಭವ. ಕೇಳಿದರೂ ಕೇಳದಿದ್ದರೂ ಬುದ್ಧಿ ಹೇಳುವವರು.

"ಬರೀ ಅಕ್ಷರ ಓದಿದ್ರೆ ತಲೇಲಿ ನಿಲ್ಲಲ್ಲ ದಫ್ತರಿಯವರೇ," ಎಂದರು. "ಗುರುತಿರೋ ಒಬ್ಬರನ್ನ ನೆನಸ್ಕೊಳ್ಳಿ. ಒಂದೊಂದೇ ಕಾಯಿಲೆ ಅವರ ಮೈಗೆ ಹಚ್ತಾ ಹೋಗಿ. ಸಾಯೋವರೆಗೂ ಮರೆಯಲ್ಲ."

ದಫ್ತರಿ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಅವನಿಗೊಬ್ಬ ಬಾಮೈದನಿದ್ದ. ಹೆಂಡತಿಯ ಒಬ್ಬನೇ ತಮ್ಮ, ಮೂವತ್ತೆಂಟು ವರ್ಷ, ಕಲ್ಲುಗುಂಡಿನಂಥ ಮೈ. ಆರು ವರ್ಷದ ಹಿಂದೆ ಎರಡು ದಿನಕ್ಕೆಂದು ಅಕ್ಕನ ಮನೆಗೆ ಬಂದವನು ಸೋಫಾದ ಮೇಲೆ ಮಲಗಿದ್ದ, ಇನ್ನೂ ಎದ್ದಿರಲಿಲ್ಲ. ಬೆಳಗ್ಗೆ ಎದೆ ಚಳುಕು, ಮಧ್ಯಾಹ್ನ ಕಾಲು ಜೋಮು, ಸಂಜೆ ತಲೆ ಸುತ್ತು. ತನ್ನ ನಾಡಿಯನ್ನು ತಾನೇ ಹಿಡಿದುಕೊಂಡು ಚಾವಣಿ ನೋಡುವುದು ಅವನ ಪೂರ್ಣಾವಧಿ ಉದ್ಯೋಗ. ಯಾವ ವೈದ್ಯರೂ ಅವನಲ್ಲಿ ಏನನ್ನೂ ಕಂಡುಹಿಡಿಯಲಾಗದೆ ಸೋತಿದ್ದರು.

ದಫ್ತರಿ ಪೆನ್ನು ತೆಗೆದ. ಬಿಳಿ ಕಾಗದ ಹುಡುಕಿದರೆ ಇಲ್ಲ. ಕೈಗೆ ಸಿಕ್ಕಿದ್ದು ಖಾಲಿ ಎಇ ಫಾರ್ಮು, ಎಂದರೆ ಪ್ರಯೋಗಕ್ಕೆ ಒಳಪಟ್ಟ ರೋಗಿಗೆ ಏನಾದರೂ ತೊಂದರೆಯಾದರೆ ತುಂಬುವ ಫಾರ್ಮು. ಅದರಲ್ಲೇ ಬರೆಯತೊಡಗಿದ. ವಯಸ್ಸು ಮೂವತ್ತೆಂಟು. ತೂಕ ತೊಂಬತ್ತೊಂದು. ಫೋನ್ ನಂಬರಿನ ಮನೆ ಖಾಲಿ ಬಿಟ್ಟರೆ ಅವನ ಕೈ ಮುಂದಕ್ಕೇ ಹೋಗದು. ಬಾಮೈದನ ನಂಬರನ್ನೇ ಹಾಕಿದ. ರೋಗಿಯ ಸಂಖ್ಯೆ ಎಂಬಲ್ಲಿ, ವಿಭಾಗದಲ್ಲಿ ಹದಿನಾರು ರೋಗಿಗಳಿದ್ದುದರಿಂದ, ಹದಿನೇಳು ಎಂದು ಬರೆದ. ಆಮೇಲೆ ಸಾಲು ಸಾಲಾಗಿ ಎಂಐ, ಸಿವಿಎ, ಸಿಕೆಡಿ, ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಡಿವಿಟಿ, ಎದೆಗೆ ಹುಳಿ ಉಕ್ಕುವ ಜಿಇಆರ್‌ಡಿ. ಒಂದೊಂದು ಕಾಯಿಲೆಯನ್ನೂ ಸೋಫಾದ ಮೇಲಿನ ಆ ಮೈಗೆ ಅಂಟಿಸುವಾಗ ಆರು ವರ್ಷದಲ್ಲಿ ಕಾಣದ ಒಂದು ನೆಮ್ಮದಿ ಅವನ ಮನಸ್ಸಿಗೆ ಇಳಿಯಿತು. ಹನ್ನೊಂದರ ಹೊತ್ತಿಗೆ ಹಿಂದೆ ಮುಂದೆ ಸೇರಿ ನಲವತ್ತೂ ಸಾಲು ತುಂಬಿದವು. ಕಣ್ಣು ಮುಚ್ಚಿ ಹೇಳಿಕೊಂಡ. ನಲವತ್ತೂ ಬಂದವು.

ಅಲ್ಲಿಗೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಹದಿನಾಲ್ಕು ವರ್ಷ ಕಡತ ಕಾಯ್ದ ಕೈ ಅದು. ತುಂಬಿದ ಕಾಗದ ಕಂಡರೆ ಸಹಿ ಹಾಕದೆ ಬಿಡುವುದಿಲ್ಲ. ಕೆಳಗೆ ದುಂಡಗೆ ಸಹಿ ಮಾಡಿ, ತಾರೀಖು ಹಾಕಿ, ಹತ್ತು ಐವತ್ತೆಂಟು ಎಂದು ಗಳಿಗೆಯನ್ನೂ ನಮೂದಿಸಿ, ಸಂತೋಷದಿಂದ ಚಹಾ ಕುಡಿಯಲು ಹೋದ.

ವಾಪಸು ಬಂದಾಗ ಫಾರ್ಮು ಮೇಜಿನ ಮೇಲಿರಲಿಲ್ಲ. ಮಾನಿಟರ್ ಮೇಡಂ ಕೈಯಲ್ಲಿತ್ತು.

ಔಷಧ ಕಂಪನಿ ತಿಂಗಳಿಗೊಮ್ಮೆ ಕಳಿಸುವ ತಪಾಸಣೆಯ ಹೆಂಗಸು ಈ ಮಾನಿಟರ್ ಮೇಡಂ. ಸಣ್ಣ ಆಕೃತಿ, ಸಣ್ಣ ದನಿ. ಯಾರನ್ನೂ ಬೈದವರಲ್ಲ, ಬರೆದುಕೊಳ್ಳುತ್ತಾರೆ ಅಷ್ಟೆ. ಗೋಡೆಯ ಮೇಲೆ "ಬರೆಯದಿದ್ದರೆ ನಡೆದಿಲ್ಲ, ಬರೆದಿದ್ದರೆ ನಡೆದಿದೆ" ಎಂಬ ಫಲಕ ತೂಗುಹಾಕಿಸಿದ್ದು ಅವರೇ. ಅಲ್ಲಿ ಒಮ್ಮೆ ಬರೆದದ್ದನ್ನು ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪಿದ್ದರೆ ಅದರ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು, ಕಾರಣ ಬರೆಯಬೇಕು.

ಮೇಡಂ ಫಾರ್ಮನ್ನು ತಿರುವಿ ತಿರುವಿ ಓದಿದರು. ಆಮೇಲೆ ದೊಡ್ಡ ಸಿಸ್ಟರ್ ಕಡೆ ತಿರುಗಿ, "ಈ ಹದಿನೇಳನೇ ರೋಗಿ ನಿಮಗೆ ಗೊತ್ತಲ್ಲ?" ಎಂದು ಕೇಳಿದರು.

ದಫ್ತರಿ ಬಾಯಿ ತೆರೆದ. ಅಷ್ಟರಲ್ಲಿ ದೊಡ್ಡ ಸಿಸ್ಟರ್ ಉತ್ತರ ಕೊಟ್ಟಾಗಿತ್ತು. ಇಪ್ಪತ್ತೈದು ವರ್ಷದ ಅನುಭವದವರು ತಮ್ಮ ವಿಭಾಗದ ರೋಗಿಯೇ ಗೊತ್ತಿಲ್ಲವೆಂದು ಮಾನಿಟರ್ ಮುಂದೆ ಹೇಳುವುದುಂಟೇ?

"ಗೊತ್ತಿಲ್ದೆ ಏನು ಮೇಡಂ," ಎಂದರು. "ಮೊನ್ನೆ ಬಂದಿದ್ರು. ಸ್ವಲ್ಪ ಸುಸ್ತು ಅಂತಿದ್ರು."

ಮೇಡಂ ಅದನ್ನೂ ಬರೆದುಕೊಂಡರು. ಮಾತು ಕೇಳಿ ದೊಡ್ಡ ಡಾಕ್ಟರು ಕೋಣೆಯಿಂದ ಹೊರಬಂದರು. ಪ್ರಯೋಗದ ಪೂರ್ತಿ ಜವಾಬ್ದಾರಿ ಅವರದು. ಪ್ರತಿ ರೋಗಿಯನ್ನೂ ಖುದ್ದು ನೋಡಿರಬೇಕೆಂಬುದು ನಿಯಮ. ಆದ್ದರಿಂದ ಅವರೂ ಫಾರ್ಮನ್ನು ಓದಿ, ಕನ್ನಡಕ ಒರೆಸಿ, ಹದಿನೇಳನೇ ರೋಗಿಯನ್ನು ತಾವೇ ಖುದ್ದು ನೋಡಿರುವುದಾಗಿಯೂ, ಕೇಸು ಸ್ವಲ್ಪ ತೊಡಕಿನದಾಗಿತ್ತೆಂದೂ ಹೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿಯನ್ನು ದಫ್ತರಿ ಕಂಡಿದ್ದ. ಇವರು ಹಾಲು ಕರೆಯಲೂ ಕೂತಿದ್ದರು. ರೋಗಿಯ ಒಪ್ಪಿಗೆ ಪತ್ರ ಎಲ್ಲಿ ಎಂದು ಮೇಡಂ ಕೇಳಿದ್ದಕ್ಕೆ ಸಿಸ್ಟರ್ ಬೀರುವಿನಲ್ಲಿದೆ ಎಂದರು, ಡಾಕ್ಟರು ಬೀರುವಿನ ಕೀಲಿ ಮನೆಯಲ್ಲಿದೆ ಎಂದರು.

ದಫ್ತರಿ ಲೆಕ್ಕ ಹಾಕಿದ. ಈಗ ನಿಜ ಹೇಳಿದರೆ ಡಾಕ್ಟರೂ ಸಿಸ್ಟರೂ ಸುಳ್ಳರಾಗುತ್ತಾರೆ. ಸಂಜೆ ನಾಲ್ಕಕ್ಕೆ ಉತ್ತರಪತ್ರಿಕೆ ತಿದ್ದುವವರು ಅದೇ ಡಾಕ್ಟರು. ಹೇಳದಿದ್ದರೆ ಏನಾಗುತ್ತದೆಂದು ನೆನೆಯುವ ಧೈರ್ಯವೂ ಅವನಿಗಿರಲಿಲ್ಲ. ಅವನು ಕಿಟಕಿಯಾಚೆಯ ಮರವನ್ನೇ ನೋಡುತ್ತ ನಿಂತ. ಮರ ಏನೂ ಸಲಹೆ ಕೊಡಲಿಲ್ಲ.

ಹೃದಯಾಘಾತದಂಥ ಗಂಭೀರ ತೊಂದರೆಯಾದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಕಂಪನಿಗೆ ವರದಿ ಹೋಗಬೇಕು. ಹದಿನೇಳನೇ ರೋಗಿಗೆ ಅಂಥವು ಹನ್ನೊಂದು ಆಗಿದ್ದವು. ಇಡೀ ವಿಭಾಗ ಓದುತ್ತಿದ್ದ ಪದಪಟ್ಟಿ ಬಿಸಾಕಿ ಎದ್ದಿತು. ಒಬ್ಬರು ಫೋನಿಗೆ, ಒಬ್ಬರು ಫ್ಯಾಕ್ಸಿಗೆ, ಇಬ್ಬರು ಇಲ್ಲದ ಬೀರುವಿನ ಕೀಲಿಗೆ. ದಫ್ತರಿ ನಡುವೆ ಎರಡು ಸಲ "ಸ್ವಲ್ಪ ನನ್ನ ಮಾತು ಕೇಳಿ" ಎಂದ. ಎರಡು ಸಲವೂ ಅವನ ಕೈಗೆ ಒಂದೊಂದು ಕಟ್ಟು ಕಾಗದ ಕೊಟ್ಟು ನಕಲು ಮಾಡಿಸಲು ಓಡಿಸಿದರು.

ಅಷ್ಟರಲ್ಲಿ ಮಾನಿಟರ್ ಮೇಡಂ ತಾವೇ ಫಾರ್ಮಿನಲ್ಲಿದ್ದ ನಂಬರಿಗೆ ಫೋನು ಮಾಡಿದ್ದರು. ಸಂಭಾಷಣೆ ಬಹಳ ಮರ್ಯಾದೆಯಿಂದ ನಡೆಯಿತಂತೆ. ಅವರು ಒಂದೊಂದೇ ಕಾಯಿಲೆಯ ಹೆಸರು ಹೇಳಿ ಹೌದೇ ಎಂದು ಕೇಳಿದ್ದಾರೆ. ಆ ಕಡೆಯಿಂದ ನಲವತ್ತಕ್ಕೂ ಹೌದು ಎಂಬ ಉತ್ತರ ಬಂದಿದೆ. ಇದನ್ನೆಲ್ಲ ಬರೆದವರು ಯಾರೆಂದು ಕೇಳಿದ್ದಕ್ಕೆ ದಫ್ತರಿಯ ಸಹಿಯಿದೆ ಎಂದು ಹೇಳಿ, ಕೂಡಲೇ ಬನ್ನಿ ಎಂದಿದ್ದಾರೆ.

ಒಂದು ಗಂಟೆಗೆ ಲಿಫ್ಟಿನ ಬಾಗಿಲು ತೆರೆಯಿತು. ಗಾಲಿಕುರ್ಚಿಯಲ್ಲಿ ಬಾಮೈದ, ಹಿಂದೆ ಸೆರಗಿನಿಂದ ಕಣ್ಣೊರೆಸುತ್ತ ದಫ್ತರಿಯ ಹೆಂಡತಿ. ಬಾಮೈದನ ಮುಖದಲ್ಲಿ ಹೆದರಿಕೆಯ ಲವಲೇಶವೂ ಇರಲಿಲ್ಲ. ಮೊಕದ್ದಮೆ ಗೆದ್ದವನ ಕಳೆಯಿತ್ತು.

"ನಾನು ಹೇಳ್ದಾಗ ಯಾರೂ ನಂಬಲಿಲ್ಲ ಭಾವ," ಎಂದ. "ಈಗ ಬರವಣಿಗೇಲಿದೆ."

ಹೆಂಡತಿ ಗಂಡನನ್ನು ಗೋಡೆಯ ಪಕ್ಕಕ್ಕೆ ಕರೆದಳು. "ನನ್ನ ತಮ್ಮಂಗೆ ಇಷ್ಟೆಲ್ಲ ಇದೆ ಅಂತ ನಿಮಗೆ ಗೊತ್ತಿತ್ತು," ಎಂದಳು. "ಬರೆದು ಸಹಿ ಹಾಕೋವಷ್ಟು ಗೊತ್ತಿತ್ತು. ಆರು ವರ್ಷ ಅವನನ್ನ ಸೋಮಾರಿ ಅಂದ್ರಿ. ನನಗೊಂದು ಮಾತು ಹೇಳ್ಲಿಲ್ಲ ನೀವು." ದಫ್ತರಿಗೆ ನಲವತ್ತು ಸಂಕ್ಷೇಪಾಕ್ಷರ ಗೊತ್ತಿದ್ದವು, ಒಂದೂ ಪ್ರಯೋಜನಕ್ಕೆ ಬರಲಿಲ್ಲ.

ಡಾಕ್ಟರು ಬಾಮೈದನನ್ನು ಒಳಗೆ ಮಲಗಿಸಿ ಪರೀಕ್ಷೆ ಮಾಡಿದರು. ಎದೆಯ ಪಟ ತೆಗೆಸಿದರು, ರಕ್ತ ನೋಡಿಸಿದರು, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು. ಎರಡೂವರೆ ಗಂಟೆಗೆ ಎಲ್ಲ ವರದಿಯೂ ಬಂತು. ಹೃದಯ ಕುದುರೆಯದು. ಕಿಡ್ನಿ ಎರಡೂ ಹೊಸದರಂತೆ. ರಕ್ತದೊತ್ತಡ ಶಾಲೆಯ ಮಕ್ಕಳಿಗೆ ಇರುವಷ್ಟು. ಡಾಕ್ಟರು ಹೊರಬಂದು, ಎಲ್ಲರ ಮುಂದೆ, ಅವನ ಭುಜ ತಟ್ಟಿ ಹೇಳಿದರು: "ನಿಮಗೆ ಏನೇನೂ ಇಲ್ಲ. ನೂರು ವರ್ಷ ಬಾಳ್ತೀರಿ."

ಬಾಮೈದ ಗಾಲಿಕುರ್ಚಿಯಿಂದ ಎದ್ದು ನಿಂತ. "ನಲವತ್ತರಲ್ಲಿ ಒಂದೂ ಇಲ್ವಾ?" ಎಂದು ಕೇಳಿದ. ಒಂದೂ ಇಲ್ಲವೆಂದರು ಡಾಕ್ಟರು. ಜೀವಮಾನದಲ್ಲಿ ಕೂಡಿಟ್ಟದ್ದೆಲ್ಲ ಒಂದೇ ಗಳಿಗೆಯಲ್ಲಿ ಕಳೆದುಕೊಂಡವನ ಹಾಗೆ ಅವನು ಒಂದು ಕ್ಷಣ ಸುತ್ತಲೂ ನೋಡಿ, ಕಣ್ಣು ಮೇಲೆ ಮಾಡಿ, ತೊಂಬತ್ತೊಂದು ಕಿಲೋ ಸಮೇತ ಕುಸಿದ. ಹಣೆ ದಫ್ತರಿಯ ಮೇಜಿನ ಮೂಲೆಗೆ ಬಡಿಯಿತು. ರಕ್ತ ಬಂತು. ಮೂರು ಹೊಲಿಗೆ ಹಾಕಿ, ಒಂದು ರಾತ್ರಿ ನಿಗಾದಲ್ಲಿ ಇಡಬೇಕೆಂದು ವಾರ್ಡಿಗೆ ಸೇರಿಸಿದರು.

ನೆಲದ ಮೇಲಿನ ರಕ್ತ ಕಂಡಾಗ ದಫ್ತರಿಗೆ ತಡೆಯಲಾಗಲಿಲ್ಲ. ಬಾಮೈದನ ಮೇಲೆ ಅವನಿಗೆ ಪ್ರೀತಿಯಿರಲಿಲ್ಲ ನಿಜ, ಆದರೆ ಈ ಗಾಯಕ್ಕೆ ಕಾರಣ ತಾನೇ. ಅವನು ಮಾನಿಟರ್ ಮೇಡಂ ಮುಂದೆ ಹೋಗಿ ನಿಂತು, ಬಿಳಿ ಕಾಗದ ಮುಗಿದಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿದ. ಹದಿನೇಳನೇ ರೋಗಿ ಇಲ್ಲವೇ ಇಲ್ಲ, ಅದು ತಾನು ಪರೀಕ್ಷೆಗೆ ಓದಿಕೊಂಡದ್ದು ಎಂದ. ದೊಡ್ಡ ಸಿಸ್ಟರ್ ತಮ್ಮ ಗಡಿಯಾರ ನೋಡಿಕೊಂಡರು. ಡಾಕ್ಟರು ಮತ್ತೆ ಕನ್ನಡಕ ಒರೆಸಿದರು.

ಮೇಡಂ ಕೋಪ ಮಾಡಿಕೊಳ್ಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದಫ್ತರಿಗೆ ಅನ್ನಿಸಿತು.

"ಮೂರು ಗಂಟೆ ಮುಂಚೆ ಹೇಳಿದ್ರೆ ಇದು ಬರೀ ಹಾಳಾದ ಫಾರ್ಮು," ಎಂದರು ಅವರು. "ಈಗ ಆ ನಂಬರಿನ ಮನುಷ್ಯ ವಾರ್ಡಲ್ಲಿ ಮಲಗಿದಾನೆ. ಇದು ದಾಖಲೆ. ನೀವು ಬರೆದಿರೋದನ್ನ ನೀವೇ ಸರಿಪಡಿಸಿ."

ಸರಿಪಡಿಸುವುದೆಂದರೆ ನಲವತ್ತು ಗೆರೆ, ನಲವತ್ತು ಸಹಿ, ನಲವತ್ತು ತಾರೀಖು, ನಲವತ್ತು ಕಾರಣ. ಕಾರಣದಲ್ಲಿ ಸಂಕ್ಷೇಪಾಕ್ಷರವನ್ನು ಬಿಡಿಸಿ ಪೂರ್ತಿ ಬರೆಯಬೇಕು: ಹೃದಯಾಘಾತ ಆಗಿಲ್ಲ, ಪಾರ್ಶ್ವವಾಯು ಆಗಿಲ್ಲ, ಕಿಡ್ನಿಯ ಹಳೇ ರೋಗ ಇಲ್ಲ. ದಫ್ತರಿ ಬರೆದ. ನಲವತ್ತೊಂದನೇ ಸಾಲಿನಲ್ಲಿ, ಹಣೆಗೆ ಪೆಟ್ಟು, ಮೂರು ಹೊಲಿಗೆ ಎಂದು ಬರೆದು ಸಹಿ ಮಾಡಿದ. ಇಡೀ ಹಾಳೆಯಲ್ಲಿ ನಿಜವಾದ ಸಾಲು ಅದೊಂದೇ. ಮುಗಿಸುವಾಗ ನಾಲ್ಕಕ್ಕೆ ಐದು ನಿಮಿಷವಿತ್ತು.

ಪರೀಕ್ಷೆ ನಡೆಯಿತು. ಉಳಿದ ಏಳು ಮಂದಿ ಇಡೀ ದಿನ ಹದಿನೇಳನೇ ರೋಗಿಯ ಹಿಂದೆ ಓಡಿ ಬಸವಳಿದಿದ್ದರು. ಒಬ್ಬರ ತಲೆಯಲ್ಲೂ ಒಂದು ಪದ ಉಳಿದಿರಲಿಲ್ಲ. ದಫ್ತರಿ ಮಾತ್ರ ತಲೆ ಎತ್ತದೆ ಬರೆದ. ಕಾಯಿಲೆ ಒಂದೊಂದೂ ಬಾಮೈದನ ಮೈಯಿಂದ ತಾನಾಗಿ ಎದ್ದು ಬಂದು ಸಾಲಿನಲ್ಲಿ ಕೂತಿತು. ಕಾಗದ ಕೊಟ್ಟು ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ. ಸಂಜೆ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಇಷ್ಟೆಲ್ಲ ಆದ ಮೇಲೂ ಪಾಸಾದರೆ ಈ ಬಿಸಿಲು ತನಗೆ ಉಳಿಯುತ್ತದಲ್ಲ ಎಂದು ಮನಸ್ಸು ಆಸೆಪಟ್ಟಿತು. ಆಸೆಗೆ ನಾಚಿಕೆ ಎಲ್ಲಿ?

ಐದು ಗಂಟೆಗೆ ಡಾಕ್ಟರು ಎಲ್ಲರನ್ನೂ ಕರೆದರು. ಪಕ್ಕದಲ್ಲಿ ಮಾನಿಟರ್ ಮೇಡಂ.

"ಏಳು ಜನ ಫೇಲು," ಎಂದರು ಡಾಕ್ಟರು. "ದಫ್ತರಿಗೆ ಇನ್ನೂರಕ್ಕೆ ಇನ್ನೂರು."

ಯಾರೋ ಚಪ್ಪಾಳೆ ತಟ್ಟಿದರು. ದಫ್ತರಿಯ ಕಣ್ಣು ಮಂಜಾಯಿತು. ಫೇಲಾದ ಏಳು ಮಂದಿ ಸುತ್ತೋಲೆಯ ಪ್ರಕಾರ ತಮ್ಮ ಹಿಂದಿನ ಜಾಗಕ್ಕೆ, ಎಂದರೆ ತಮ್ಮ ತಮ್ಮ ಕುರ್ಚಿಗೆ ಹೋಗಿ ಕೂತರು. ಆಮೇಲೆ ಮಾನಿಟರ್ ಮೇಡಂ ತಮ್ಮ ಸಣ್ಣ ದನಿಯಲ್ಲಿ ವರದಿಯ ಕೊನೆಯ ಅಂಶ ಓದಿದರು. ಹದಿನೇಳನೇ ರೋಗಿಯ ದಾಖಲೆ ಅಸಾಮಾನ್ಯವಾದದ್ದು. ಅದನ್ನು ನೆಲಮಾಳಿಗೆಯ ಕಡತಗಳ ಕೋಣೆಯಲ್ಲಿ, ಬೀಗ ಹಾಕಿ, ನಿಯಮದಂತೆ ಹದಿನೈದು ವರ್ಷ ಕಾಪಾಡತಕ್ಕದ್ದು. ಯಾವ ತಪಾಸಣೆಯವರು ಯಾವಾಗ ಬಂದು ಕೇಳಿದರೂ ನಲವತ್ತೊಂದು ಸಾಲನ್ನೂ ಓದಿ ಬಿಡಿಸಿ ಹೇಳಬಲ್ಲ ಒಬ್ಬರು ಅಲ್ಲಿ ಇರತಕ್ಕದ್ದು. ಅಂಥವರು ಪದಗಳ ಪರೀಕ್ಷೆಯಲ್ಲಿ ಪಾಸಾಗಿರತಕ್ಕದ್ದು.

ಕೋಣೆಯಲ್ಲಿದ್ದವರೆಲ್ಲ ದಫ್ತರಿಯ ಕಡೆ ನೋಡಿದರು. ಅವನಿಗೆ ಈಗ ನಲವತ್ತೈದು. ನಿವೃತ್ತಿಗೆ ಸರಿಯಾಗಿ ಹದಿನೈದು ವರ್ಷ. ಡಾಕ್ಟರು ಎದ್ದು ಬಂದು ಅವನ ಕೈ ಕುಲುಕಿದರು. ನಾಳೆ ಬೆಳಗ್ಗೆಯೇ ಕೆಳಗೆ ಹೋಗಿ ಅಧಿಕಾರ ವಹಿಸಿಕೊಳ್ಳಿ ಎಂದರು. ದೊಡ್ಡ ಸಿಸ್ಟರ್ ಕಿಟಕಿ ಪಕ್ಕದ ಮೇಜಿನ ಮೇಲೆ ಆಗಲೇ ತಮ್ಮ ಚೀಲ ಇಟ್ಟಿದ್ದರು.

ದಫ್ತರಿ ಫಾರ್ಮು ಹಾಕಿದ ಕಡತವನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದ. ದಾರಿಯಲ್ಲಿ ವಾರ್ಡು. ತಲೆಗೆ ಪಟ್ಟಿ ಸುತ್ತಿಸಿಕೊಂಡು ಬಾಮೈದ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ. ಪಕ್ಕದಲ್ಲಿ ಅವನ ಅಕ್ಕ ಹಣ್ಣು ಸುಲಿಯುತ್ತಿದ್ದಳು. ಗಂಡನನ್ನು ನೋಡಿ ಅವಳು ಮುಖ ಆ ಕಡೆ ತಿರುಗಿಸಿದಳು. ಬಾಮೈದ ಮಾತ್ರ ಕಡತ ಕಂಡದ್ದೇ ಕೈ ಚಾಚಿದ, ನವಜಾತ ಶಿಶುವನ್ನು ಎತ್ತಿಕೊಳ್ಳಲು ಚಾಚುವ ಹಾಗೆ.

ಮೊದಲ ಪುಟ ತೆರೆದ. ಎಳೆದ ಗೆರೆಗಳ ಅಡಿಯಲ್ಲಿ ನಲವತ್ತೂ ಸ್ಪಷ್ಟವಾಗಿ ಓದಲು ಬರುತ್ತಿದ್ದವು, ನಿಯಮವೇ ಹಾಗಲ್ಲವೇ. ಅವನು ಬೆರಳಿಟ್ಟು ಓದುತ್ತ ಹೋದಂತೆ ಮುಖಕ್ಕೆ ಮೆಲ್ಲಗೆ ಕಳೆ ಮರಳಿತು.

"ಭಾವ, ರೋಗಿ ತನ್ನ ಫೈಲು ಯಾವಾಗ ಬೇಕಾದ್ರೂ ನೋಡಬಹುದಂತೆ, ಆ ಮೇಡಂ ಹೇಳಿದ್ರು," ಎಂದ. "ಅದು ಕೆಳಗೆ ನಿಮ್ಮ ಹತ್ರಾನೇ ಇರುತ್ತಂತಲ್ಲ?"

ದಫ್ತರಿ ತಲೆಯಾಡಿಸಿದ. ಗಂಟಲಲ್ಲಿ ಏನೋ ಕೆರೆದಂತಾಗಿ, ಒಂದು ತಿಂಗಳ ಮೇಲೆ ಮೊದಲ ಸಲ ಕೆಮ್ಮಿದ.

"ಮನೇಲಿ ಸೋಫಾ ಮೇಲೆ ಮಲಗಿ ಏನು ಮಾಡೋದು," ಎಂದ ಬಾಮೈದ. "ಅಲ್ಲೊಂದು ಮಂಚ ಹಾಕಿಸಿ ಭಾವ. ದಿನಾ ನಿಮ್ಮ ಜೊತೇನೇ ಬಂದುಬಿಡ್ತೀನಿ."